ಲೇಔಟ್ ಅಂದ್ರ ಸೈಟ್ ಅಲ್ರೀ

ನಮ್ಮ ಕಡೆ ಲೇಔಟ್ ಅಂದ ಕೂಡಲೇ ಬರೋ ಪ್ರಶ್ನೆ ಒಂದೇ: 'ಸೈಟ್ ಎಷ್ಟಕ್ಕ ಅದಾವ?' ಎಲೆಕ್ಟ್ರಾನಿಕ್ಸ್ ಓದಿದ ಹುಡುಗರಿಗೂ ಪಿಸಿಬಿ ಲೇಔಟ್ ಅಂದ್ರ ಅಷ್ಟೇ ಹಗುರ. 'ಸ್ಕೀಮ್ಯಾಟಿಕ್ ಹಾಕಿದ್ರ ಆಯ್ತು, ಉಳಿದದ್ದು ಆಟೋರೂಟರ್ ಮಾಡ್ತದ' ಅಂತಾರ. ಇದು ತಪ್ಪು ಮಾತಷ್ಟೇ ಅಲ್ಲ, ಜೀವಕ್ಕೆ ಕುತ್ತು ತರೋ ಮಾತು.

ಜಿಡಗಾ ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ ಮೋಟರಿಗೆ ಹಾಕೋ ಆಟೋ ಸ್ಟಾರ್ಟರನ್ನೇ ತಗೊಳ್ರಿ. ಡಬ್ಬಿಯೊಳಗೆ ಅಂಗೈ ಅಗಲದ ಬೋರ್ಡು. ಒಂದು ಬದಿಗೆ 415 ವೋಲ್ಟಿನ ತ್ರೀಫೇಸ್, ಇನ್ನೊಂದು ಬದಿಗೆ 5 ವೋಲ್ಟಿನ ಮೈಕ್ರೋಕಂಟ್ರೋಲರ್. ಸ್ಕೀಮ್ಯಾಟಿಕ್‌ನಲ್ಲಿ ಇವೆರಡರ ನಡುವೆ ಆಪ್ಟೋಕಪ್ಲರ್ ಚಿತ್ರ ಬರೆದರೆ ಕೆಲಸ ಮುಗಿಯಿತು. ಬೋರ್ಡಿನ ಮೇಲೆ ಮುಗಿಯುವುದಿಲ್ಲ. ಆಪ್ಟೋಕಪ್ಲರ್ ಕೆಳಗೆ ತಾಮ್ರದ ಗೆರೆಯೊಂದು ನುಸುಳಿದರೆ ಸಾಕು, ಬಿಡಬೇಕಾದ ಅಂತರ ಹೋಯಿತು. ಮಳೆಗಾಲದ ತೇವಕ್ಕೆ ಧೂಳು ಕೂಡಿದರೆ ಕರೆಂಟು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಹಸಿ ಕೈಯಿಂದ ಬಟನ್ ಒತ್ತೋನು ರೈತ, ಆಟೋರೂಟರ್ ಅಲ್ಲ.

ಆಟೋರೂಟರ್‌ಗೆ ಗೊತ್ತಿರೋದು ಯಾವ ಕಾಲಿಗೆ ಯಾವ ಕಾಲು ಸೇರಬೇಕು ಅನ್ನೋದು, ಜೊತೆಗೆ ನಾವು ಹಾಕಿಕೊಟ್ಟ ನಿಯಮ. ಯಾವ ಕಾಂಪೊನೆಂಟ್ ಎಲ್ಲಿ ಕೂಡಬೇಕು ಅಂತ ನೋಡೋದು ಮನುಷ್ಯನ ಕೆಲಸ. 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಐಸಿಯ ಪವರ್ ಪಿನ್ನಿಗೆ ಅಂಟಿಕೊಂಡಂತೆ ಇರಬೇಕು. ಮೂಲೆಗೆ ತಳ್ಳಿದರೂ ಸ್ಕೀಮ್ಯಾಟಿಕ್ ಪ್ರಕಾರ ಸರಿಯೇ. ಕಾಂಟ್ಯಾಕ್ಟರ್ ಟಕ್ ಅಂದಾಗ ಐಸಿ ರೀಸೆಟ್ ಆದರೆ ಯಾರನ್ನ ಕೇಳ್ತೀರಿ? 10 ಡಿಗ್ರಿ ಬಿಸಿ ಏರಿದರೆ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರಿನ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. 40 ಡಿಗ್ರಿ ದಾಟೋ ನಮ್ಮ ಬ್ಯಾಸಗಿಯಲ್ಲಿ ಅದನ್ನ ಕಾಯೋ ಟ್ರಾನ್ಸ್‌ಫಾರ್ಮರ್ ಪಕ್ಕ ಇಡೋದು ಅಂದ್ರ ಒಲೆ ಮುಂದೆ ಬೆಣ್ಣೆ ಇಟ್ಟಂಗ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ 1 ಮಿಲಿಮೀಟರ್ ಅಗಲದ ಗೆರೆ ನೆಮ್ಮದಿಯಿಂದ ಹೊರೋದು ಸುಮಾರು 2 ಆಂಪಿಯರ್. ಅದರ ಮೇಲೆ 10 ಹೇರಿದರೆ ಸುಡದೆ ಇನ್ನೇನಾದೀತು?

'ಸಾಫ್ಟ್‌ವೇರ್ ದುಬಾರಿ' ಅನ್ನೋ ನೆಪವೂ ಸಲ್ಲದು. ಫ್ರಾನ್ಸಿನ ಜಾನ್-ಪಿಯರ್ ಶಾರಾ 1992ರಲ್ಲಿ ಶುರು ಮಾಡಿದ ಕೀಕ್ಯಾಡ್ ಪುಕ್ಕಟೆ ಸಿಗ್ತದ. ಜಗತ್ತಿನ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್ ಅದಕ್ಕೆ ಕೈಜೋಡಿಸಿದೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡ್ತದ. ಆದರೂ ಕೊನೇ ವರ್ಷದ ಪ್ರಾಜೆಕ್ಟಿಗೆ ರೆಡಿಮೇಡ್ ಬೋರ್ಡು ತಂದು ಮೇಲೆ ಹೆಸರು ಅಂಟಿಸೋದು ನಿಂತಿಲ್ಲ. ಅದಕ್ಕೆ ಸಹಿ ಹಾಕೋ ಮೇಷ್ಟ್ರಿಗೆ ನಾಚಿಕೆ ಬ್ಯಾಡೇನ್ರಿ?

371(ಜೆ) ನಮ್ಮ ಹುಡುಗರಿಗೆ ಸೀಟು ಕೊಟ್ಟಿತು, ನೌಕರಿಯಲ್ಲಿ ಪಾಲು ಕೊಟ್ಟಿತು. ಕೈಗೆ ಕೆಲಸ ಕಲಿಸೋದು ಕಲಂನಿಂದ ಆಗೋದಲ್ಲ, ಕಾಲೇಜಿನಿಂದ ಆಗಬೇಕು. ನಾನು ಕೇಳೋದು ಇಷ್ಟೇ. ಒಬ್ಬ ವಿದ್ಯಾರ್ಥಿಗೆ ಒಂದು ಬೋರ್ಡು: ಸ್ಕೀಮ್ಯಾಟಿಕ್ ಅವನೇ ಬರೆಯಲಿ, ಕಾಂಪೊನೆಂಟ್ ಅವನೇ ಕೂಡಿಸಲಿ, ಬೆಸುಗೆ ಅವನೇ ಹಾಕಲಿ. ಆಮೇಲೆ ಮೇ ತಿಂಗಳ ಬಿಸಿಲಲ್ಲಿ ಹೊಲದ ಡಬ್ಬಿಯೊಳಗೆ ಒಂದು ತಿಂಗಳು ಓಡಲಿ. ಓಡಿದರೆ ಅಂಕ ಕೊಡ್ರಿ. ಸುಟ್ಟರೆ ಯಾಕ ಸುಟ್ಟಿತು ಅಂತ ಬರೆಸಿ, ಇನ್ನೊಂದು ಮಾಡಿಸ್ರಿ.