ಅದು ಉಪವಾಸವಲ್ಲ, ವ್ಯಾಧಿ

ಮುಂದಿಟ್ಟ ಹುಲ್ಲನ್ನು ಮೂಸಿಯೂ ನೋಡದೆ ಪಂಜರದ ಮೂಲೆಯಲ್ಲಿ ಮುದುಡಿ ಕುಳಿತ ಪ್ರಾಣಿಯನ್ನು ಕಂಡು, ಅದು ಆಹಾರತ್ಯಾಗ ಮಾಡಿದೆ, ಅದರ ಆಯುಷ್ಯಕರ್ಮ ತೀರುತ್ತಿದೆ, ನಡುವೆ ಕೈ ಹಾಕುವುದು ತರವಲ್ಲ ಎಂದು ಸುಮ್ಮನಾಗುವ ಮನೋಭಾವ ಶ್ರಾವಕರ ಮನೆಗಳಲ್ಲಿಯೂ ಇಲ್ಲದಿಲ್ಲ. ಕೇಳುವವರಿಗೆ ಇದು ಸಮತಾಭಾವದಂತೆ ತೋರುತ್ತದೆ. ಆದರೆ ಮನೆಯಲ್ಲಿರುವುದು ಚಿಂಚಿಲ್ಲಾ ಆಗಿದ್ದರೆ ಈ ಸಮತಾಭಾವ ಒಂದೆರಡು ದಿನಗಳಲ್ಲಿ ಅದರ ಪ್ರಾಣವನ್ನು ತೆಗೆಯುತ್ತದೆ. ತೆಗೆದ ಕೈ ಯಾರದೆಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ.

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಒಣ, ತಣ್ಣನೆಯ ಬಂಡೆಬಿರುಕುಗಳಲ್ಲಿ ವಾಸಿಸುವ, ದಂಶಕ ವರ್ಗಕ್ಕೆ ಸೇರಿದ ಪುಟ್ಟ ಪ್ರಾಣಿ. ಅದರ ಒಂದೊಂದು ರೋಮಕೂಪದಿಂದಲೂ ಐವತ್ತಕ್ಕೂ ಹೆಚ್ಚು ನವಿರಾದ ಕೂದಲು ಹೊರಡುತ್ತದೆ. ಆ ಮೃದುತ್ವವೇ ಅದಕ್ಕೆ ಶಾಪವಾಯಿತು. ಒಂದು ನಿಲುವಂಗಿಗೆ ನೂರಕ್ಕೂ ಮಿಕ್ಕ ಜೀವಗಳ ಚರ್ಮ ಬೇಕಾಗುತ್ತಿತ್ತು. ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ದೇಶಗಳು 1910ರಲ್ಲಿ ಬೇಟೆಯನ್ನು ತಡೆಯಲು ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂದಿತು. 1923ರಲ್ಲಿ ಮಥಾಯಸ್ ಚಾಪ್ಮನ್ ಎಂಬ ಗಣಿ ಎಂಜಿನಿಯರ್ 11 ಚಿಂಚಿಲ್ಲಾಗಳನ್ನು ಚಿಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದನು; ಉದ್ದೇಶ ತುಪ್ಪಳದ ಸಾಕಣೆ. ಇಂದು ಅಮೆರಿಕದ ಮನೆಗಳಲ್ಲಿ ಮಕ್ಕಳು ಮುದ್ದಿಸುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಆ ಹನ್ನೊಂದರ ಸಂತತಿಯೆಂದೇ ಹೇಳಲಾಗುತ್ತದೆ. 2017ರ ಜನವರಿಯಲ್ಲಿ ಭಾರತ ಸರ್ಕಾರ ಚಿಂಚಿಲ್ಲಾ ತುಪ್ಪಳದ ಆಮದನ್ನು ನಿಷೇಧಿಸಿದ್ದು ಅಹಿಂಸಾಪ್ರಿಯರಿಗೆಲ್ಲ ಸಂತೋಷದ ಸಂಗತಿಯೇ. ತುಪ್ಪಳವನ್ನು ಮೈಮೇಲೆ ಹೊದೆಯದವನು ಅದೇ ಜೀವಿಯನ್ನು ಪಂಜರದಲ್ಲಿಟ್ಟು ಸಾಯಗೊಟ್ಟರೆ ಜೀವಿಗೆ ಆದ ಲಾಭವೇನು?

ಈ ಪ್ರಾಣಿಯ ಪರವಾಗಿ ಹೂಡುವ ವಾದ ಬಹು ಆಕರ್ಷಕವಾದುದು. ಇದು ಶುದ್ಧ ಸಸ್ಯಾಹಾರಿ, ಮಾಂಸ ತರಬೇಕಾದ ಪಾಪವಿಲ್ಲ, ಆದುದರಿಂದ ಜೈನ ಗೃಹಕ್ಕೆ ಹೇಳಿ ಮಾಡಿಸಿದ ಸಾಕುಪ್ರಾಣಿ ಎನ್ನುತ್ತಾರೆ. ಈ ವಾದ ನೋಡುವುದು ಒಡೆಯನ ಅಡುಗೆಮನೆಯ ಶುದ್ಧಿಯನ್ನು, ಪ್ರಾಣಿಯ ಸುಖವನ್ನಲ್ಲ. ಚಿಂಚಿಲ್ಲಾ ಸಂಜೆಯ ಮೇಲೆ ಎಚ್ಚರಗೊಂಡು ರಾತ್ರಿಯೆಲ್ಲ ಮೇಯುವ ಜೀವಿ. ರಾತ್ರಿಭೋಜನ ತ್ಯಾಗದ ಹೆಸರಿನಲ್ಲಿ ಸೂರ್ಯಾಸ್ತಕ್ಕೆ ಅದರ ಹುಲ್ಲನ್ನೂ ತೆಗೆದಿರಿಸುವ ಮನೆಯಿದ್ದರೆ, ವ್ರತ ತೊಟ್ಟವರು ಒಬ್ಬರು, ಶಿಕ್ಷೆ ಅನುಭವಿಸುವುದು ಇನ್ನೊಂದು ಜೀವ ಎಂದಾಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದು ಬಂಧವನ್ನು, ಕೊನೆಯಲ್ಲಿ ಹೇಳುವುದು ಅನ್ನಪಾನನಿರೋಧವನ್ನು. ಪಂಜರವೊಂದರಲ್ಲಿ ಮೊದಲನೆಯದು ಆಗಲೇ ನಡೆದುಹೋಗಿದೆ. ಕೊನೆಯದನ್ನಾದರೂ ತಪ್ಪಿಸಬೇಡವೆ?

ಅನ್ನಪಾನನಿರೋಧವೆಂದರೆ ಬೇಕೆಂದೇ ಉಪವಾಸ ಕೆಡಹುವುದು ಮಾತ್ರವೆಂದು ತಿಳಿಯುವುದು ಸುಲಭ. ತಿನ್ನಲಾರದ ಪ್ರಾಣಿಯ ಮುಂದೆ ತುಂಬಿದ ಬಟ್ಟಲನ್ನಿಟ್ಟು ಮಲಗಲು ಹೋಗುವುದು ಅದಕ್ಕಿಂತ ಬೇರೆಯೇ? ಚಿಂಚಿಲ್ಲಾದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಸತತವಾಗಿ ಅಗಿದರೆ ಮಾತ್ರ ಸವೆಯುತ್ತವೆ. ಹಲ್ಲು ಓರೆಯಾಗಿ ಬೆಳೆದು ಕೆನ್ನೆಗೋ ನಾಲಗೆಗೋ ಚುಚ್ಚತೊಡಗಿದಾಗ ಅದು ಹಸಿದಿದ್ದರೂ ಅಗಿಯಲಾರದು. ಗಲ್ಲದ ಕೆಳಗಿನ ಕೂದಲು ಜೊಲ್ಲಿನಿಂದ ಒದ್ದೆಯಾಗುತ್ತದೆ, ಕಣ್ಣಿನಿಂದ ನೀರು ಸುರಿಯುತ್ತದೆ, ಗಟ್ಟಿಯಾದುದನ್ನು ಬಿಟ್ಟು ಮೆದುವಾದುದನ್ನು ಮಾತ್ರ ಆಯುತ್ತದೆ. ಇನ್ನು ಅದರ ಕರುಳು ಸದಾ ಹರಿಯುತ್ತಿರಬೇಕಾದ ಕಾಲುವೆಯಂತೆ. ಮೇವು ನಿಂತರೆ ಕರುಳಿನ ಚಲನೆ ನಿಲ್ಲುತ್ತದೆ. ಚಲನೆ ನಿಂತರೆ ವಾಯು ತುಂಬುತ್ತದೆ. ನೋವಿನಿಂದ ಮೇವು ಮತ್ತಷ್ಟು ದೂರವಾಗುತ್ತದೆ. ವಾಂತಿ ಮಾಡಿಕೊಳ್ಳುವ ಶಕ್ತಿಯನ್ನೂ ಪ್ರಕೃತಿ ಅದಕ್ಕೆ ಕೊಟ್ಟಿಲ್ಲ.

ಬೇಟೆಗೆ ಗುರಿಯಾಗುವ ಪ್ರಾಣಿ ತನ್ನ ರೋಗವನ್ನು ಬಚ್ಚಿಡುತ್ತದೆ. ಆದುದರಿಂದ "ಇದ್ದಕ್ಕಿದ್ದಂತೆ ಕಾಯಿಲೆ ಬಿತ್ತು" ಎಂಬ ಮಾತು ಬಹುಮಟ್ಟಿಗೆ ನೋಡದವರ ಮಾತು. ಹಿಕ್ಕೆ ಅದಕ್ಕೆ ಮೊದಲೇ ಸುದ್ದಿ ಹೇಳಿರುತ್ತದೆ: ಕಾಳುಗಳು ಸಣ್ಣದಾಗಿ, ಒಣಗಿ, ಎಣಿಕೆಯಲ್ಲಿ ಕಡಿಮೆಯಾಗಿ, ಕೊನೆಗೆ ಇಲ್ಲವೇ ಇಲ್ಲವಾಗುತ್ತವೆ. ತಕ್ಕಡಿಯೂ ಹೇಳುತ್ತದೆ. ಸುಮಾರು ಅರ್ಧ ಕಿಲೋ ತೂಗುವ ಜೀವಿ 50 ಗ್ರಾಂ ಇಳಿದರೆ ದೇಹದ ಹತ್ತನೆಯ ಒಂದು ಭಾಗ ಹೋಯಿತೆಂದೇ ಅರ್ಥ. ತುಂಬಿದ ಕೂದಲಿನೊಳಗೆ ಅದು ಕಣ್ಣಿಗೆ ಕಾಣದು, ವಾರಕ್ಕೊಮ್ಮೆ ತೂಗಿದವರಿಗೆ ಮಾತ್ರ ತಿಳಿಯುತ್ತದೆ. ಹನ್ನೆರಡು ಗಂಟೆ ಮೇವು ಮುಟ್ಟದಿದ್ದರೆ, ಹಿಕ್ಕೆ ನಿಂತಿದ್ದರೆ, ಹೊಟ್ಟೆ ಬಿಗಿದು ಉಬ್ಬಿದ್ದರೆ, ಒಂದು ಮಗ್ಗುಲಿಗೆ ಒರಗಿ ಏಳದಿದ್ದರೆ, ಸೆಳೆತ ಬಂದರೆ, ಅದು ನಾಳೆ ಬೆಳಿಗ್ಗೆ ನೋಡೋಣ ಎನ್ನುವ ಸಂಗತಿಯಲ್ಲ.

ಕಿವಿಗಳು ಕೆಂಪೇರಿ ಏದುಸಿರು ಬಂದರೆ ಅದು ಬಿಸಿಲ ಬೇಗೆಯ ಹೊಡೆತ. 25 ಡಿಗ್ರಿ ದಾಟಿದರೆ ಕಷ್ಟಪಡುವ ಈ ಪ್ರಾಣಿಯನ್ನು ಕಲಬುರಗಿಯ ವೈಶಾಖದಲ್ಲಾಗಲಿ, ಮೂಡುಬಿದಿರೆಯ ಸೆಖೆಯಲ್ಲಾಗಲಿ, ವಿದ್ಯುತ್ತು ಕೈಕೊಡುವ ಬೆಂಗಳೂರಿನ ಮೇಲಂತಸ್ತಿನಲ್ಲಾಗಲಿ ಇಡುವ ಆಸೆಯೇ ವಿವೇಕವಲ್ಲ. ಆದರೂ ಇಟ್ಟುಕೊಂಡವರು ಹೊಡೆತ ತಗಲಿದ ಕ್ಷಣದಲ್ಲಿ ಅದನ್ನು ತಂಪಾದ ಕೋಣೆಗೆ, ತಣ್ಣನೆಯ ಕಲ್ಲುಹಾಸಿನ ಮೇಲಕ್ಕೆ ಒಯ್ದು, ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒರಸುತ್ತ ವೈದ್ಯರಲ್ಲಿಗೆ ಹೊರಡಬೇಕು. ಮಂಜುಗಡ್ಡೆಯ ನೀರಿನಲ್ಲಿ ಅದ್ದುವುದು ಇನ್ನೊಂದು ಆಘಾತ.

ಪ್ರೀತಿಯಿಂದಲೇ ಕೊಲ್ಲುವ ಬಗೆಗಳೂ ಇವೆ. ಬಾಡಿದ ಪ್ರಾಣಿಗೆ ಶಕ್ತಿ ಬರಲೆಂದು ದ್ರಾಕ್ಷಿ, ಬಾದಾಮಿ, ಬೆಲ್ಲ ತಿನ್ನಿಸುವುದರಿಂದ ಕರುಳು ಮತ್ತಷ್ಟು ಕೆಡುತ್ತದೆ. ಮನೆಯವರು ತಿಂದು ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿಮಾಡಿ ಕುಡಿಸುವುದು ಅದಕ್ಕಿಂತ ಘೋರ. ಪೆನಿಸಿಲಿನ್ ಜಾತಿಯ ಔಷಧವನ್ನು ಬಾಯಿಂದ ಕೊಟ್ಟರೆ ಕರುಳಿನಲ್ಲಿ ಮೇವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನಾಶವಾಗಿ, ವಿಷಕಾರಿಗಳು ಹೆಚ್ಚಿ, ಚಿಂಚಿಲ್ಲಾ ಸಾಯಬಹುದು. ಸಸ್ಯಾಹಾರಿ ಪ್ರಾಣಿಗಳಿಗೆಂದೇ ತಯಾರಿಸಿದ ಪುಡಿಯನ್ನು ಕಲಸಿ ಸೂಜಿಯಿಲ್ಲದ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವಾಗಿ ಉಣಿಸುವ ಕ್ರಮವಿದೆ. ಅದನ್ನು ಕೂಡ ಹೊಟ್ಟೆ ಉಬ್ಬಿರುವಾಗ, ಪ್ರಜ್ಞೆ ತಪ್ಪಿರುವಾಗ ಮಾಡಕೂಡದು.

ಇನ್ನು ಸಲ್ಲೇಖನದ ಮಾತು. ತಿರ್ಯಂಚಗತಿಯ ಜೀವಿಗಳೂ ವ್ರತ ಹಿಡಿದ ಕಥೆಗಳು ಪುರಾಣಗಳಲ್ಲಿವೆ, ಪಾರ್ಶ್ವನಾಥ ತೀರ್ಥಂಕರರ ಪೂರ್ವಭವದಲ್ಲಿ ವಜ್ರಘೋಷವೆಂಬ ಆನೆ ಅರವಿಂದ ಮುನಿಗಳಿಂದ ವ್ರತ ಸ್ವೀಕರಿಸಲಿಲ್ಲವೆ ಎಂದು ಕೇಳುವವರಿದ್ದಾರೆ. ಸ್ವೀಕರಿಸಿತು ನಿಜ, ಜಾತಿಸ್ಮರಣೆಯಾಗಿ, ಗುರುವಿನ ಉಪದೇಶ ಕೇಳಿ, ತಾನಾಗಿ ಸ್ವೀಕರಿಸಿತು. ಹಲ್ಲುನೋವಿನಿಂದ ಬಾಯಿ ತೆರೆಯಲಾರದ ಪ್ರಾಣಿಯ ಮೇಲೆ ಆ ವ್ರತವನ್ನು ಹೊರಿಸುವವರು ಆನೆಗೂ ಅವಮಾನ ಮಾಡುತ್ತಾರೆ, ವ್ರತಕ್ಕೂ ಅವಮಾನ ಮಾಡುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಅವಕಾಶ ಹೇಳುವುದು ಪ್ರತೀಕಾರವಿಲ್ಲದ ಸಂದರ್ಭಕ್ಕೆ. ಪ್ರತೀಕಾರ ಇದೆಯೋ ಇಲ್ಲವೋ ಎಂಬುದನ್ನು ವೈದ್ಯರ ಮೇಜಿನ ಮೇಲೆ ನಿರ್ಣಯಿಸಬೇಕಲ್ಲದೆ ಪಂಜರದ ಎದುರು ಕುಳಿತು ಊಹಿಸುವುದಲ್ಲ.

ಕೆಲವೊಮ್ಮೆ ವೈದ್ಯರು ಕೈಚೆಲ್ಲಿ ದಯಾಮರಣದ ಚುಚ್ಚುಮದ್ದನ್ನು ಸೂಚಿಸುವುದುಂಟು. ಅದನ್ನು ನಿರಾಕರಿಸುವ ಹಕ್ಕು, ಕರ್ತವ್ಯವೆಂದೇ ಬೇಕಾದರೂ ಹೇಳಬಹುದು, ಶ್ರಾವಕನಿಗಿದೆ. ಆದರೆ ನಿರಾಕರಿಸಿ ಪ್ರಾಣಿಯನ್ನು ಮನೆಗೆ ತಂದು ಮೂಲೆಯಲ್ಲಿರಿಸಿ ಣಮೋಕಾರ ಮಂತ್ರ ಹೇಳಿದಲ್ಲಿಗೆ ಕರ್ತವ್ಯ ತೀರಿತೆ? ಮಂತ್ರ ಹೇಳಲಿ, ಬೇಡವೆನ್ನುವವರಾರು? ಅದರ ಜೊತೆಗೆ ನೋವುನಿವಾರಕವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ, ನಡುರಾತ್ರಿಯಾದರೂ ಎದ್ದು ಕೊಡಬೇಕು. ಮರಣದ ಮದ್ದನ್ನು ಬೇಡವೆಂದವನು ನೋವಿನ ಮದ್ದನ್ನೂ ದುಬಾರಿಯೆಂದು ಬಿಟ್ಟರೆ, ಅವನು ಉಳಿಸಿದ್ದು ಜೀವವನ್ನಲ್ಲ, ಹಣವನ್ನು.

ಬಸದಿಗಳ ಟ್ರಸ್ಟುಗಳೂ ಈ ವಿಚಾರದಿಂದ ಹೊರಗುಳಿಯಲಾರವು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆ ದಶಕಗಳಿಂದ ನಡೆಯುತ್ತಿದೆ. ಅಂಥದೊಂದನ್ನು ಊರೂರಿನಲ್ಲಿ ಕಟ್ಟಲು ಯಾರೂ ಕೇಳುತ್ತಿಲ್ಲ. ದನ, ಕುರಿ, ಕೋಳಿಗಳನ್ನು ಬಲ್ಲ ಪಶುವೈದ್ಯರೆಲ್ಲ ಚಿಂಚಿಲ್ಲಾವನ್ನು, ಮೊಲವನ್ನು, ಗಿನಿಯಿಲಿಯನ್ನು ಬಲ್ಲವರಲ್ಲ. ಬಲ್ಲವರು ಜಿಲ್ಲೆಯಲ್ಲಿ ಯಾರು, ರಾತ್ರಿ ಬಾಗಿಲು ತೆರೆಯುವವರು ಯಾರು ಎಂದು ಮೊದಲೇ ವಿಚಾರಿಸಿ ಸೂಚನಾ ಫಲಕದಲ್ಲಿ ನಾಲ್ಕು ಸಾಲು ಬರೆಯಿಸಲು ಸುಣ್ಣಬಣ್ಣದ ಖರ್ಚಿನ ಒಂದಂಶವೂ ಬೇಕಾಗದು. ಜೀವದಯಾ ನಿಧಿಯೆಂಬ ಪೆಟ್ಟಿಗೆ ಅನೇಕ ಬಸದಿಗಳಲ್ಲಿದೆ. ವೈದ್ಯರ ಶುಲ್ಕ ಕೊಡಲಾಗದ ಮನೆಯ ಮಗುವೊಂದು ತನ್ನ ಪ್ರಾಣಿಯನ್ನು ಎದೆಗವಚಿಕೊಂಡು ಬಂದು ನಿಂತಾಗ ಆ ಪೆಟ್ಟಿಗೆಯ ಬೀಗ ಯಾರ ಬಳಿ ಇರುತ್ತದೆ, ಆಡಳಿತ ಮಂಡಳಿಯ ಮುಂದಿನ ಸಭೆಯವರೆಗೆ ಕಾಯಬೇಕೆ ಎಂಬುದನ್ನು ಧರ್ಮದರ್ಶಿಗಳು ಈಗಲೇ ತೀರ್ಮಾನಿಸಿ ನಡವಳಿಯಲ್ಲಿ ಬರೆಯಿಸಲಿ.