ಮಾನವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆ?

ಪರ: ಹಾಡಿಯ ಹಕ್ಕಿಗೆ ಕಲಿತ ಕೈ ಬೇಕು

ಸಾಮಾಜಿಕ-ಸಾಂಸ್ಕೃತಿಕ ಮಾನವಶಾಸ್ತ್ರ ಓದಲು ಮೈಸೂರಿಗಿಂತ ಒಳ್ಳೆಯ ಊರು ಕರ್ನಾಟಕದಲ್ಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಈ ವಿಷಯದ ವಿಭಾಗವಿದೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಇಲ್ಲೇ ಇದೆ. ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಜೇನುಕುರುಬ ಬುಡಕಟ್ಟಿನವರ ಹಾಡಿಗಳು, ಅಂದರೆ ವಸತಿಗಳು, ದೂರವಲ್ಲ. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದರು. ರಾಮಪುರವೆಂದು ಹೆಸರು ಬದಲಿಸಿ ಅವರು ಬರೆದ ಆ ಹಳ್ಳಿಯನ್ನು ಜಗತ್ತಿನ ವಿಶ್ವವಿದ್ಯಾಲಯಗಳು ಓದಿದವು.

ಹಳೆಯ ಹೆಮ್ಮೆಗಿಂತ ಇವತ್ತಿನ ಅಗತ್ಯ ದೊಡ್ಡದು. ನಾಗರಹೊಳೆಯ ಕಾಡಿನಿಂದ ಎತ್ತಂಗಡಿಯಾದ ಇಂಥ ಹಾಡಿಗಳ ಕುಟುಂಬಗಳು ಈಗಲೂ ಕಾಡಿನ ಹಕ್ಕು ಕೇಳುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಬಾವಿ, ಸ್ಮಶಾನ, ಪೂಜೆಯ ಜಾಗಗಳ ಜೊತೆಗೆ ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಸಂಸ್ಥೆಗಳ ಅಧ್ಯಯನವನ್ನೂ ಪುರಾವೆಯೆಂದು ಹೆಸರಿಸಿ ಹೇಳುತ್ತವೆ. ಅಂಥ ಅಧ್ಯಯನ ಯಾರು ಮಾಡಬೇಕು?

ಅದಕ್ಕೆ ಬೇಕಾದ ವಂಶಾವಳಿ ನಕ್ಷೆಯನ್ನೇ ನೋಡಿ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮ ಚಿಹ್ನೆ. ಸೋದರಮಾವನನ್ನೇ ಮದುವೆಯಾದವಳು ಬಂದಳೆಂದರೆ ಗೆರೆ ಒಂದು ತಲೆಮಾರು ಮೇಲೆ ಹತ್ತಬೇಕು. ಪ್ರತಿ ಹೆಸರಿನ ಎದುರು ಹುಟ್ಟಿದ ಹಾಡಿ, ಮಣ್ಣು ಮಾಡಿದ ಜಾಗ ಬರೆದುಕೊಂಡರೆ, ಮೂರು ತಲೆಮಾರು ಕಾಡಿನ ಎಲ್ಲೆಲ್ಲಿ ಬಾಳಿತೆಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಇದನ್ನು ಕಲಿಯಲು ಪಕ್ಕದಲ್ಲಿ ಕೂತು ತಿದ್ದುವ ಗುರುಗಳು ಬೇಕು. ಅದಕ್ಕೇ ಎರಡು ವರ್ಷ.

ವಿರೋಧ: ಹಾಡಿಯವರೇ ಬರೆಯಲಿ

ಸಾಲ ಮಾಡಿ ಓದಿಸುವ ಅಪ್ಪ-ಅಮ್ಮನಿಗೆ ಏನು ಹೇಳೋಣ? ಈ ವಿಷಯ ಕಲಿಸುವ ಪದವಿ ಕಾಲೇಜುಗಳು ಕಡಿಮೆ, ಹಾಗಾಗಿ ಉಪನ್ಯಾಸಕ ಹುದ್ದೆಯೂ ಅಪರೂಪ. ಸರ್ವೇಕ್ಷಣೆಯ ಕೆಲಸಕ್ಕೆ ಇಡೀ ದೇಶದವರ ಪೈಪೋಟಿ. ಐಎಎಸ್ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ಬೇಕೆಂದರೆ ಪದವಿ ಇಲ್ಲದೆಯೂ ಓದಿಕೊಳ್ಳಬಹುದು. ಶ್ರೀನಿವಾಸ್ ಹಳ್ಳಿಗೆ ಹೋಗಿ ಕೂತದ್ದು ಆಕ್ಸ್‌ಫರ್ಡಿನ ನೌಕರಿ ಕೈಯಲ್ಲಿಟ್ಟುಕೊಂಡು. ನಮ್ಮ ಮಕ್ಕಳಿಗೆ ಆ ಆಸರೆ ಎಲ್ಲಿದೆ?

ಹೊಟ್ಟೆಪಾಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಪ್ರಶ್ನಾವಳಿ ಹಿಡಿದು ಬಂದವರಿಗೆಲ್ಲ ಹಾಡಿಯವರು ಕೆಲಸ ಬಿಟ್ಟು ಕೂತು ಉತ್ತರ ಕೊಡುತ್ತಾರೆ. ದಿನಗೂಲಿಯವರಿಗೆ ಅದು ಅರ್ಧ ದಿನದ ಸಂಬಳ. ಪ್ರಬಂಧ ಇಂಗ್ಲಿಷಿನಲ್ಲಿ ಬೈಂಡಾಗಿ ಗ್ರಂಥಾಲಯ ಸೇರಿಬಿಟ್ಟರೆ, ಹೇಳಿದವರಿಗೆ ತಮ್ಮ ಬಗ್ಗೆ ಏನು ಬರೆದಿದ್ದಾರೆಂಬುದೂ ತಿಳಿಯುವುದಿಲ್ಲ. ಇದು ಅನ್ಯಾಯ.

ಪರವಾದಿಗಳು ತೋರಿಸುವ ಅದೇ ನಿಯಮಗಳು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಟ್ಟರೆ ಅದನ್ನೂ ಪುರಾವೆಯೆಂದು ಒಪ್ಪುತ್ತವೆ. ಅದನ್ನು ಬರೆಯಲು ಎಸ್ಸೆಸ್ಸೆಲ್ಸಿ ಓದಿದ ಹಾಡಿಯ ಹುಡುಗಿ ಸಾಕು. ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣು ಮಾಡಿದರೆಂದು ಅವಳ ಅಜ್ಜಿ ಹೊರಗಿನವರಿಗಿಂತ ಅವಳಿಗೇ ಮನಸ್ಸು ಬಿಚ್ಚಿ ಹೇಳಿಯಾಳು. ಮಾನವಶಾಸ್ತ್ರದ ಸೀಟು ಕೊಡಲೇಬೇಕೆಂದರೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ ಸಮೇತ ಮೊದಲು ಅವಳಿಗೆ ಕೊಡಿ. ಉಳಿದವರು ಕಾನೂನು ಓದಿ ಅವಳ ಹಾಡಿಯ ಅರ್ಜಿಯ ಬೆನ್ನಿಗೆ ನಿಲ್ಲಲಿ.