ಅನ್ಯಗ್ರಹದಲ್ಲಿ ಒಬ್ಬನೇ ಮಾನವ

ವೈಜ್ಞಾನಿಕ ಕಾದಂಬರಿಗಳಲ್ಲಿ ಅನ್ಯಗ್ರಹವಾಸಿಗಳ ನಡುವೆ ಒಬ್ಬನೇ ಮಾನವನನ್ನು ನಿಲ್ಲಿಸುವ ಪದ್ಧತಿ ಹಳೆಯದು. ಇವು ಬರಿಯ ಕಾಲಕ್ಷೇಪದ ಕಥೆಗಳೆಂದು ಬದಿಗೊತ್ತುವವರುಂಟು. ಆದರೆ ಆ ಒಂಟಿ ಮಾನವನು ಅಲ್ಲಿ ಏನು ಮಾಡುತ್ತಾನೆಂಬುದರ ಮೇಲೆಯೇ ಕೃತಿಯ ಯೋಗ್ಯತೆ ನಿಂತಿದೆಯೆಂಬುದು ನನ್ನ ಅಭಿಪ್ರಾಯ.

ಎಡ್ಗರ್ ರೈಸ್ ಬರೋಸನು 1912ರಲ್ಲಿ ಪ್ರಕಟಿಸಿದ ಮಂಗಳಗ್ರಹದ ಕಥೆಯಲ್ಲಿ ಜಾನ್ ಕಾರ್ಟರ್ ಅಲ್ಲಿನ ಕಡಿಮೆ ಗುರುತ್ವಾಕರ್ಷಣೆಯಿಂದ ಮಹಾಬಲಶಾಲಿಯಾಗುತ್ತಾನೆ. ನಾಯಕನಾಗಿ ರಾಜಕುಮಾರಿಯನ್ನೂ ವರಿಸುತ್ತಾನೆ. ಓದಲು ಸೊಗಸೇ. ಆದರೆ ಹೋದಲ್ಲೆಲ್ಲ ಗೆಲ್ಲುವವನಿಗೆ ಮಂಗಳಗ್ರಹವೂ ಒಂದು ಗರಡಿಮನೆ, ಅಷ್ಟೆ.

ಎಚ್. ಜಿ. ವೆಲ್ಸನ 1901ರ ಚಂದ್ರಯಾತ್ರೆಯ ಕಾದಂಬರಿ ಹಾಗಲ್ಲ. ಜೊತೆಗಾರ ಬೆಡ್‌ಫರ್ಡ್ ಭೂಮಿಗೆ ಮರಳಿದ ಮೇಲೆ ಕೇವರ್ ಅಲ್ಲಿ ಒಬ್ಬನೇ ಉಳಿಯುತ್ತಾನೆ. ಚಂದ್ರಲೋಕದ ಅಧಿಪತಿ ಮಾನವರ ವಿಚಾರ ಕೇಳಿದಾಗ ನಮ್ಮ ಯುದ್ಧಗಳನ್ನೂ ಮುಚ್ಚಿಡದೆ ವಿವರಿಸುತ್ತಾನೆ. ಕೊನೆಗೆ ಅವನ ನಿಸ್ತಂತು ಸಂದೇಶಗಳು ನಡುವೆಯೇ ಕಡಿದುಹೋಗುತ್ತವೆ. ವಿಚಾರಣೆಗೆ ನಿಂತವನು ಕೇವರ್, ಆರೋಪಿಗಳು ನಾವು.

ಅರ್ಸುಲಾ ಲೆ ಗ್ವಿನ್ 1969ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಗೆನ್ಲಿ ಐ ಎಂಬವನು ಗೆಥೆನ್ ಎಂಬ ಹಿಮಲೋಕಕ್ಕೆ ಒಂಟಿ ರಾಯಭಾರಿಯಾಗಿ ಹೋಗುತ್ತಾನೆ. ಅಲ್ಲಿನವರಲ್ಲಿ ಗಂಡು ಹೆಣ್ಣೆಂಬ ಸ್ಥಿರಭೇದವಿಲ್ಲ. ಅವರ ಕಣ್ಣಿಗೆ ಇವನೇ ವಿಚಿತ್ರಪ್ರಾಣಿ. ಒಬ್ಬನೇ ಬಂದವನು ಹೆದರಿಸಲಾರ, ಅರಿತು ನಡೆಯಲೇಬೇಕು.

ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. "ನಿಮ್ಮ ಕಡೆಯವರು ಹೇಗೆ?" ಎಂದು ಇಲ್ಲಿ ಕೇಳುತ್ತಾರೆ, ಊರಿಗೆ ಹೋದರೆ ಓದಿದವರೆಲ್ಲರ ಲೆಕ್ಕವನ್ನು ನನ್ನಿಂದ ಕೇಳುತ್ತಾರೆ. ತನ್ನವರನ್ನು ಹೊಗಳಿ ಪಾರಾಗುವುದು ಸುಲಭ. ಹಳಿದು ಮೆಚ್ಚುಗೆ ಗಳಿಸುವುದು ಇನ್ನೂ ಸುಲಭ. ಎರಡನ್ನೂ ಬಿಟ್ಟು ಇದ್ದುದನ್ನು ಇದ್ದಂತೆ ನುಡಿದ ಕೇವರನೇ, ರಾಜಕುಮಾರಿಯನ್ನು ಗೆದ್ದ ವೀರನಿಗಿಂತ ನನಗೆ ಹಿರಿಯನು.